ದೀರ್ಘಾಯುಷಿ ವಾಹನವೂ ಶ್ರಾವಕಧರ್ಮವೂ

ಹೊನ್ನಾಳಿ-ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರುಗಳಲ್ಲಿ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಲಾರಿಗಳ ಓಡಾಟ ಹೆಚ್ಚುತ್ತದೆ. ಜೋಳದ ಚೀಲಗಳು ದಾವಣಗೆರೆಯ ಮಾರುಕಟ್ಟೆಯತ್ತ ಸಾಗಿದರೆ ಅಡಿಕೆಯ ಮೂಟೆಗಳು ಶಿವಮೊಗ್ಗೆಯ ಮಂಡಿಗಳತ್ತ ಸಾಗುತ್ತವೆ. ಈ ಸಾಲಿನಲ್ಲಿ ಬಣ್ಣ ಮಾಸಿದ, ಹಲಗೆಗೆ ತೇಪೆ ಬಿದ್ದ, ಆದರೂ ಏರಿನಲ್ಲಿ ಉಸಿರು ಕಟ್ಟದ ಹಳೆಯ ಲಾರಿಯೊಂದು ಇದ್ದೇ ಇರುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಅದನ್ನು ಬೆರಳಿಟ್ಟು ತೋರಿಸಿ, "ಹತ್ತು ಲಕ್ಷ ಕಿಲೋಮೀಟ್ರು ದಾಟೈತಂತೆ, ಇನ್ನೂ ಗಟ್ಟಿ ಐತೆ" ಎಂದು ಅಭಿಮಾನದಿಂದ ನುಡಿಯುವುದುಂಟು.

ಈ ಮಾತಿನಲ್ಲಿ ಯಂತ್ರದ ಹೊಗಳಿಕೆ ಮಾತ್ರವಲ್ಲ, ನೀತಿಯ ತೀರ್ಪೊಂದು ಅಡಗಿದೆ. ಬಹುಕಾಲ ಬಾಳಿದ ವಸ್ತು ಶ್ರೇಷ್ಠ, ಅದನ್ನು ಬಾಳಿಸಿದವನು ಸಜ್ಜನ ಎಂಬುದೇ ಆ ತೀರ್ಪು. ಮೂರು ವರ್ಷಕ್ಕೊಮ್ಮೆ ಹೊಸ ಕಾರು ಕೊಳ್ಳುವವರ ಕಾಲದಲ್ಲಿ ಇದು ಸರಿಯೆಂದೇ ತೋರುತ್ತದೆ. ಆದರೆ ಅಹಿಂಸೆ ಮತ್ತು ಅಪರಿಗ್ರಹಗಳನ್ನು ಬಾಳಿನ ಅಳತೆಗೋಲಾಗಿ ಸ್ವೀಕರಿಸಿದ ಶ್ರಾವಕನಿಗೆ ಈ ಪ್ರಶ್ನೆ ಅಷ್ಟು ಬೇಗ ಮುಗಿಯುವುದಿಲ್ಲ. ವಾಹನವು ಓಡಿದ ದೂರವು ಯಾವ ಗುಣವನ್ನು ಅಳೆಯುತ್ತದೆ? ಆ ದೂರದ ಬೆಲೆಯನ್ನು ತೆತ್ತವರು ಯಾರು?

ಬಹುದೂರ ಓಡಿದ ವಾಹನಗಳಲ್ಲಿ ಜಗತ್ತಿನಲ್ಲಿಯೇ ಹೆಸರಾದುದು ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಶಾಲಾ ಶಿಕ್ಷಕ ಇರ್ವ್ ಗಾರ್ಡನ್ ಎಂಬವರ ವೋಲ್ವೋ ಕಾರು. ಅವರು ಅದನ್ನು ಕೊಂಡದ್ದು 1966ರಲ್ಲಿ. 2013ರಲ್ಲಿ ಅಲಾಸ್ಕಾದ ರಸ್ತೆಯೊಂದರಲ್ಲಿ ಅದು ಮೂವತ್ತು ಲಕ್ಷ ಮೈಲಿಗಳನ್ನು, ಎಂದರೆ 48 ಲಕ್ಷ ಕಿಲೋಮೀಟರುಗಳನ್ನು ಪೂರೈಸಿತು. 2018ರಲ್ಲಿ ಗಾರ್ಡನ್ ತೀರಿಕೊಳ್ಳುವ ಹೊತ್ತಿಗೆ ಆ ಲೆಕ್ಕ 51 ಲಕ್ಷ ಕಿಲೋಮೀಟರುಗಳನ್ನು ಮೀರಿತ್ತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಒಬ್ಬನೇ ಮನುಷ್ಯ, ಒಂದೇ ಕಾರಿನಲ್ಲಿ, ಭೂಮಿಯನ್ನು 127 ಬಾರಿ ಸುತ್ತಿದಷ್ಟಾಯಿತು.

ಇದರಲ್ಲಿ ಪವಾಡವೇನೂ ಇರಲಿಲ್ಲ. ನಿಗದಿತ ಅಂತರದಲ್ಲಿ ಎಂಜಿನ್ ಆಯಿಲ್ ಬದಲಿಸುವುದು, ತಯಾರಕರು ಹೇಳಿದ ಪಾಲನೆಯನ್ನು ತಪ್ಪದೆ ನಡೆಸುವುದು, ಸಣ್ಣ ಸದ್ದನ್ನೂ ಅಲಕ್ಷಿಸದಿರುವುದು ಇಷ್ಟೇ ಅದರ ಗುಟ್ಟು. ಹೊನ್ನಾಳಿಯ ಗ್ಯಾರೇಜಿನ ಮೇಸ್ತ್ರಿಗೂ ಇದು ತಿಳಿದ ವಿಷಯವೇ. ಆಯಿಲ್ ತನ್ನ ಜಿಗುಟನ್ನು ಕಳೆದುಕೊಂಡಾಗ ಲೋಹಕ್ಕೆ ಲೋಹ ಉಜ್ಜುತ್ತದೆ. ಗಾಳಿಯ ಫಿಲ್ಟರ್ ಕಟ್ಟಿದಾಗ ಇಂಧನವು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ರೇಡಿಯೇಟರಿನ ನೀರು ತಗ್ಗಿದುದನ್ನು ಗಮನಿಸದಿದ್ದರೆ ಒಂದೇ ಪಯಣದಲ್ಲಿ ಎಂಜಿನ್ ಕೆಡುತ್ತದೆ. ಡೀಸೆಲ್ ಲಾರಿಯ ಸಿಲಿಂಡರಿನೊಳಗಿನ ಲೈನರ್ ಸವೆದರೆ ಅದನ್ನು ತೆಗೆದು ಹೊಸದನ್ನು ಕೂರಿಸಬಹುದು. ಪಿಸ್ಟನ್ ರಿಂಗು, ಬೇರಿಂಗು, ಕ್ಲಚ್ಚಿನ ಫಲಕ ಎಲ್ಲವೂ ಬದಲಾಗಬಲ್ಲವು. ಹೀಗೆ ಭಾಗಭಾಗವಾಗಿ ಹೊಸದಾಗುತ್ತಲೇ ಯಂತ್ರವು ಹಳೆಯದಾಗಿ ಉಳಿಯುತ್ತದೆ. ದ್ರವ್ಯವು ಧ್ರುವವಾಗಿದ್ದು ಪರ್ಯಾಯಗಳು ಹುಟ್ಟಿ ಅಳಿಯುತ್ತವೆಂಬ ಜೈನದರ್ಶನದ ಮೂಲಪಾಠಕ್ಕೆ ಗ್ಯಾರೇಜಿನ ಅಂಗಳದಲ್ಲಿಯೂ ಒಂದು ಸಣ್ಣ ನಿದರ್ಶನ ದೊರೆಯುತ್ತದೆ.

ಈ ಎಚ್ಚರಕ್ಕೆ ಶಾಸ್ತ್ರದ ಹೆಸರು ಯತ್ನಾಚಾರ. ಮುನಿಗಳಿಗೆ ವಿಧಿಸಿದ ಸಮಿತಿಗಳಲ್ಲಿ ನಡೆಯುವಾಗಿನ ಎಚ್ಚರವೂ ವಸ್ತುವನ್ನು ಎತ್ತಿಕೊಳ್ಳುವಾಗ, ಇಡುವಾಗಿನ ಎಚ್ಚರವೂ ಸೇರಿವೆ. ಗೃಹಸ್ಥನಿಗೆ ಅಷ್ಟು ಕಠಿನವಾದ ನಿಯಮವಿಲ್ಲ. ಆದರೂ ವಸ್ತುವನ್ನು ಪ್ರಮಾದದಿಂದ ಬಳಸಬಾರದೆಂಬ ತತ್ತ್ವ ಒಂದೇ. ಬೆಳಗ್ಗೆ ಎಂಜಿನ್ನಿಗೆ ಚಾಲನೆ ಕೊಡುವ ಮೊದಲು ಆಯಿಲ್ ಕಡ್ಡಿಯನ್ನು ಎಳೆದು ನೋಡುವ, ಚಕ್ರದ ನಟ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ಕೇಳುವ ಚಾಲಕನು ಅರಿಯದೆಯೇ ಒಂದು ವ್ರತವನ್ನು ಪಾಲಿಸುತ್ತಿರುತ್ತಾನೆ.

ವಸ್ತುವನ್ನು ಬೇಗ ಎಸೆಯದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹೊಸ ಲಾರಿಯ ಉಕ್ಕು ಆಕಾಶದಿಂದ ಇಳಿಯುವುದಿಲ್ಲ. ಸಂಡೂರು-ಬಳ್ಳಾರಿ ಬೆಟ್ಟಸಾಲುಗಳಲ್ಲಿ ಅದಿರನ್ನು ಅಗೆದ ಬಗೆಯನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ಅಲ್ಲಿನ ಗಣಿಗಾರಿಕೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆಯಬೇಕಾಯಿತು. ಒಂದು ಟನ್ ಉಕ್ಕನ್ನು ತಯಾರಿಸುವಾಗ ಸರಿಸುಮಾರು ಎರಡು ಟನ್ ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಮಣ್ಣು, ನೀರು, ಬೆಂಕಿ, ಗಾಳಿಗಳಲ್ಲಿಯೂ ಏಕೇಂದ್ರಿಯ ಜೀವಗಳನ್ನು ಕಾಣುವ ಧರ್ಮಕ್ಕೆ ಗಣಿಯಿಂದ ಕುಲುಮೆಯವರೆಗಿನ ದಾರಿ ಕಡಮೆ ಹಿಂಸೆಯದಲ್ಲ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2022ರಿಂದೀಚೆಗೆ ನೂರಾರು ಹಳೆಯ ಬಸ್ಸುಗಳನ್ನು ಗುಜರಿಗೆ ಹಾಕದೆ ತನ್ನ ಕಾರ್ಯಾಗಾರಗಳಲ್ಲಿಯೇ ಪುನಃ ಕಟ್ಟಿ ರಸ್ತೆಗೆ ಇಳಿಸಿತು. ಹಣದ ಉಳಿತಾಯವೇ ಅದರ ಉದ್ದೇಶವಾಗಿದ್ದಿರಬಹುದು. ಆದರೂ ಅಗೆಯಬೇಕಾಗಿದ್ದ ಅಷ್ಟು ಮಣ್ಣು ಅಗೆಯದೆ ಉಳಿಯಿತೆಂಬುದು ಸುಳ್ಳಲ್ಲ.

ಇಲ್ಲಿಯವರೆಗೆ ಕಟ್ಟೆಯ ಹಿರಿಯರ ತೀರ್ಪೇ ಗೆದ್ದಂತಾಯಿತು. ಆದರೆ ಮೀಟರಿನ ಅಂಕಿ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ: ವಾಹನವನ್ನು ಎಷ್ಟು ಜೋಪಾನ ಮಾಡಲಾಯಿತು, ಅದನ್ನು ಎಷ್ಟು ಓಡಿಸಲಾಯಿತು. ಮೊದಲನೆಯದು ಗುಣ. ಎರಡನೆಯದು ತಾನಾಗಿ ಗುಣವಲ್ಲ. ಗಾರ್ಡನ್ ಅವರು ಕೆಲಸಕ್ಕೆ ಹೋಗಿಬರಲೆಂದೇ ದಿನಕ್ಕೆ 200 ಕಿಲೋಮೀಟರು ಓಡಿಸುತ್ತಿದ್ದರು. ಉಳಿದ ದೂರದಲ್ಲಿ ಬಹುಭಾಗ ಓಡಿಸುವ ಸಂತೋಷಕ್ಕಾಗಿ ಕ್ರಮಿಸಿದ್ದು. ಲೀಟರಿಗೆ ಹತ್ತು ಕಿಲೋಮೀಟರೆಂದು ಹಿಡಿದರೂ ಆ ಒಂದು ಕಾರು ಐದು ಲಕ್ಷ ಲೀಟರ್ ಪೆಟ್ರೋಲನ್ನು ಉರಿಸಿದಂತಾಯಿತು. ಕಾರನ್ನು ಬದಲಿಸದೆ ಉಳಿಸಿದ ಉಕ್ಕು ಒಂದೆಡೆ, ಉರಿದುಹೋದ ಇಂಧನ ಇನ್ನೊಂದೆಡೆ ತಕ್ಕಡಿಯಲ್ಲಿಟ್ಟರೆ ಯಾವ ತಟ್ಟೆ ಕೆಳಗಿಳಿಯುವುದೆಂದು ಹೇಳಬೇಕಾಗಿಲ್ಲ.

ಶ್ರಾವಕನ ಗುಣವ್ರತಗಳಲ್ಲಿ ದಿಗ್ವ್ರತವು ಮೊದಲನೆಯದು. ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ಎಲ್ಲೆಯನ್ನು ಗೊತ್ತುಮಾಡಿಕೊಂಡು ಬಾಳಿನ ಕೊನೆಯವರೆಗೂ ಅದನ್ನು ದಾಟದಿರುವುದು ಈ ವ್ರತ. ಎಲ್ಲೆಯ ಹೊರಗಿನ ಜೀವಗಳಿಗೆ ತನ್ನಿಂದ ಹಿಂಸೆಯಾಗದಿರಲೆಂಬುದೇ ಇದರ ಆಶಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುರಿಯಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಅನರ್ಥದಂಡದಲ್ಲಿ ಎಣಿಸಿದ್ದಾರೆ. ಮೋಟಾರು ವಾಹನದ ಕಲ್ಪನೆಯೂ ಇಲ್ಲದ ಕಾಲದಲ್ಲಿ ಅಲೆದಾಟಕ್ಕೂ ಹಿಂಸೆಗೂ ಇರುವ ನಂಟನ್ನು ಅವರು ಗುರುತಿಸಿದ್ದರು. ಗೋವಿನಕೋವಿಯಿಂದ ದಾವಣಗೆರೆಗೆ ಜೋಳ ಹೊತ್ತು ಓಡಿದ ಲಾರಿಯ ಹತ್ತು ಲಕ್ಷಕ್ಕೂ, ಬೇಸರ ಕಳೆಯಲೆಂದು ಓಡಿದ ಕಾರಿನ ಹತ್ತು ಲಕ್ಷಕ್ಕೂ ಮೀಟರಿನಲ್ಲಿ ಭೇದವಿಲ್ಲ. ಧರ್ಮದ ದೃಷ್ಟಿಯಲ್ಲಿ ಭೇದವಿದೆ. ಒಂದು ಮತ್ತೊಬ್ಬರ ಅನ್ನಕ್ಕಾಗಿ ಓಡಿತು, ಇನ್ನೊಂದು ಓಡುವುದಕ್ಕಾಗಿಯೇ ಓಡಿತು.

ಪರಿಗ್ರಹಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅದೇ ಆಚಾರ್ಯರು ಮೊದಲಿಗೆ ಅತಿವಾಹನವನ್ನೂ ಕೊನೆಗೆ ಅತಿಭಾರವಹನವನ್ನೂ ಇಟ್ಟಿರುವುದು ಮನನೀಯ. ಅತಿವಾಹನಕ್ಕೆ ಎರಡು ಅರ್ಥಗಳನ್ನು ಹೇಳುತ್ತಾರೆ. ಅವಶ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದು ಒಂದು. ಎತ್ತು ಮೊದಲಾದವು ಸುಖವಾಗಿ ನಡೆಯಬಲ್ಲ ದೂರವನ್ನು ಮೀರಿ ಲೋಭದಿಂದ ಅವನ್ನು ಓಡಿಸುವುದು ಇನ್ನೊಂದು. ಮೊದಲ ಅರ್ಥವು ಮನೆಯ ಮುಂದೆ ನಾಲ್ಕು ಕಾರು ನಿಲ್ಲಿಸಿದವನನ್ನು ಮುಟ್ಟುತ್ತದೆ. ಎರಡನೆಯದು ಒಂದೇ ಲಾರಿಯನ್ನು ಹಗಲಿರುಳೆನ್ನದೆ ಓಡಿಸುವವನನ್ನೂ ಬಿಡುವುದಿಲ್ಲ. ಅತಿಸಂಗ್ರಹವಿಲ್ಲದವನಲ್ಲಿಯೂ ಅತಿವಾಹನವಿರಬಹುದು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಎತ್ತಿಗೆ ನೋವುಂಟು, ಲಾರಿಗೆ ನೋವಿಲ್ಲ. ಜೀವವಿಲ್ಲದ ಕಬ್ಬಿಣವನ್ನು ಎಷ್ಟು ದುಡಿಸಿದರೇನು ಎಂದು ಕೇಳಬಹುದು. ಲಾರಿಯಲ್ಲಿ ಜೀವವಿಲ್ಲವೆಂಬುದು ನಿಜ, ಆದರೆ ಅದರೊಳಗೆ ಜೀವವೊಂದು ಕುಳಿತಿದೆ. ಎತ್ತಿನ ಕಾಲದಲ್ಲಿ ದಣಿದ ಪ್ರಾಣಿಯೇ ಮುಗ್ಗರಿಸಿ ನಿಂತು ಒಡೆಯನ ಲೋಭಕ್ಕೆ ಮಿತಿ ಹಾಕುತ್ತಿತ್ತು. ಯಂತ್ರವು ದಣಿಯದೆ ಇರುವುದರಿಂದ ಆ ಮಿತಿಯೇ ಇಲ್ಲವಾಗಿ, ದಣಿವೆಲ್ಲವೂ ಚಾಲಕನ ಮತ್ತು ಕ್ಲೀನರ್ ಹುಡುಗನ ಪಾಲಿಗೆ ಬಂದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು ಹಾಕಿತು. ಹೆದ್ದಾರಿಯ ಇರುಳನ್ನು ಬಲ್ಲವರಿಗೆ ಆ ಮಿತಿ ಎಷ್ಟು ಉಳಿದಿದೆಯೆಂಬುದು ಗೊತ್ತು. ವಾಹನವು ಗಳಿಸಿದ ಲಕ್ಷ ಲಕ್ಷ ಕಿಲೋಮೀಟರುಗಳಲ್ಲಿ ಒಬ್ಬ ಮನುಷ್ಯನ ನಿದ್ರೆ ಎಷ್ಟು ಕರಗಿದೆಯೆಂದು ತೋರಿಸುವ ಮೀಟರು ಯಾವ ಲಾರಿಯಲ್ಲಿಯೂ ಇಲ್ಲ.

ಅತಿಭಾರದ ವಿಷಯವೂ ಹೀಗೆಯೇ. ಮಿತಿಮೀರಿ ಹೇರಿದ ಲಾರಿಯ ಸ್ಪ್ರಿಂಗು ಪಟ್ಟಿಗಳು ಮುರಿದರೆ ಬದಲಿಸಬಹುದು. ಆದರೆ ಅಚ್ಚಿನ ಮೇಲಿನ ಹೊರೆ ಒಂದೂವರೆ ಪಟ್ಟಾದರೆ ರಸ್ತೆಗಾಗುವ ಹಾನಿಯು ಸುಮಾರು ಐದು ಪಟ್ಟಾಗುತ್ತದೆಂದು ರಸ್ತೆ ಶಾಸ್ತ್ರಜ್ಞರು ಲೆಕ್ಕಹಾಕುತ್ತಾರೆ. ಆ ಗುಂಡಿಯಲ್ಲಿ ಬೀಳುವವನು ಲಾರಿಯ ಮಾಲೀಕನಲ್ಲ. ಮಗಳನ್ನು ಶಾಲೆಗೆ ಬಿಡಲು ಸ್ಕೂಟರಿನಲ್ಲಿ ಹೊರಟ ತಂದೆ. ಬಾಡಿಗೆಗೆ ಹೊರೆ ಹೊರುವ ಕಸುಬನ್ನೂ ಬಂಡಿಗಳ ಕಸುಬನ್ನೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ, ಪಂಡಿತ ಆಶಾಧರರ ಸಾಗಾರಧರ್ಮಾಮೃತದಂಥ ಗ್ರಂಥಗಳು ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರಕರ್ಮಗಳಲ್ಲಿ ಸೇರಿಸಿವೆ. ಇಂದು ಆ ಕಸುಬಿನಲ್ಲಿ ಎಷ್ಟೋ ಶ್ರಾವಕ ಕುಟುಂಬಗಳು ನೆಲೆಗೊಂಡಿವೆ. ಅವರನ್ನು ದೂಷಿಸುವುದು ಸುಲಭ, ಆದರೆ ನಿರರ್ಥಕ. ಸರಕು ಸಾಗದೆ ಊರು ಉಣ್ಣಲಾರದು. ಹಿಂದಿನವರು ಆ ಕಸುಬಿನ ಹೆಸರಿಗಷ್ಟೇ ಅಲ್ಲ, ಅದರಲ್ಲಿ ಸುಲಭವಾಗಿ ನುಸುಳುವ ನಿರ್ದಯತೆಗೆ ಹೆದರಿದ್ದರೆಂದು ತಿಳಿದರೆ ಆ ಹೆದರಿಕೆ ಇಂದಿಗೂ ಉಪಯುಕ್ತ.

ಇನ್ನು ಹೊಗೆಯ ಪ್ರಶ್ನೆ. ಡೀಸೆಲ್ ಎಂಜಿನ್ನಿನ ಹೊಗೆಯು ಮನುಷ್ಯನಲ್ಲಿ ಅರ್ಬುದ ರೋಗವನ್ನು ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು 2012ರಲ್ಲಿ ಸಾರಿತು. ಭಾರತದಲ್ಲಿ 2020ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡವು ಹೊಸ ವಾಹನದ ಹೊಗೆಗೆ ಹಿಂದೆಂದಿಗಿಂತ ಬಿಗಿಯಾದ ಮಿತಿಯನ್ನು ಹಾಕಿತು. ಇಪ್ಪತ್ತೈದು ವರ್ಷದ ಹಿಂದಿನ ಎಂಜಿನ್ನನ್ನು ಎಷ್ಟೇ ಜೋಪಾನ ಮಾಡಿದರೂ ಅದು ಆ ಮಟ್ಟಕ್ಕೆ ಬರಲಾರದು. ಆದುದರಿಂದಲೇ ಸರಕಾರಗಳು, ನ್ಯಾಯಾಲಯಗಳು ವಯಸ್ಸಿನ ಗೆರೆ ಎಳೆದಿವೆ. ದೆಹಲಿಯ ಪ್ರಾಂತದಲ್ಲಿ ಡೀಸೆಲ್ ವಾಹನಕ್ಕೆ ಹತ್ತು, ಪೆಟ್ರೋಲ್ ವಾಹನಕ್ಕೆ ಹದಿನೈದು ವರ್ಷದ ಮಿತಿಯನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2025ರಲ್ಲಿ ಆ ವಿಷಯ ಮತ್ತೆ ಅಲ್ಲಿಯೇ ಚರ್ಚೆಗೆ ಬಂದಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಇಪ್ಪತ್ತು ವರ್ಷದ ಮಿತಿಗೆ ಒಳಪಟ್ಟು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಸರಕಾರಿ ವಾಹನಗಳು ಹದಿನೈದು ವರ್ಷ ಮೀರಿ ಓಡಬಾರದೆಂಬ ನಿಯಮ 2023ರ ಏಪ್ರಿಲಿನಿಂದ ಜಾರಿಗೆ ಬಂದಿತು.

ಕಾನೂನು ವಯಸ್ಸನ್ನು ಎಣಿಸುತ್ತದೆ, ಏಕೆಂದರೆ ಎಣಿಸಲು ಅದೇ ಸುಲಭ. ಧರ್ಮವು ಹಾನಿಯನ್ನು ಎಣಿಸಬೇಕು. ಹತ್ತೇ ವರ್ಷದಲ್ಲಿ ಪ್ರಮಾದದಿಂದ ಕೆಟ್ಟು ಹೊಗೆ ಕಾರುವ ಲಾರಿಯುಂಟು. ಇಪ್ಪತ್ತು ವರ್ಷವಾದರೂ ತಿಂಗಳಿಗೆ ನಾಲ್ಕು ಸಲ ಮಾತ್ರ ಹೊರಡುವ ಕಾರುಂಟು. ಆದರೆ ಈ ವಿವೇಚನೆಯು ತನ್ನ ವಾಹನಕ್ಕೆ ಮಾತ್ರ ವಿನಾಯಿತಿ ಕೊಟ್ಟುಕೊಳ್ಳುವ ಜಾಣತನವಾಗಬಾರದು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಹೊಸದರ ಮೇಲೆ ಮೂರ್ಛೆ ಇರುವಂತೆ ಹಳೆಯದರ ಮೇಲೆಯೂ ಇರಬಹುದು. "ಇದು ಹದಿನೈದು ಲಕ್ಷ ಓಡಿದೆ" ಎಂಬ ಮಾತಿನಲ್ಲಿ ಎಚ್ಚರದ ತೃಪ್ತಿ ಎಷ್ಟು, ಮದ ಎಷ್ಟು ಎಂಬುದನ್ನು ಹೇಳುವವನೇ ತನ್ನೊಳಗೆ ಅಳೆದುಕೊಳ್ಳಬೇಕು.

ಈ ವಿಚಾರವು ಪುಸ್ತಕದ್ದಾಗಿಯೇ ಉಳಿಯುವಂಥದಲ್ಲ. ಒಂದು ಬಸದಿಯ ವಿಶ್ವಸ್ತ ಮಂಡಳಿಯ ಬಳಿ ಹಳೆಯ ಬಸ್ಸೊಂದಿದೆಯೆಂದು ಇಟ್ಟುಕೊಳ್ಳಬಹುದು. ದಾನಿಗಳ ಹೆಸರು ಅದರ ನೆತ್ತಿಯ ಮೇಲಿದೆ. ಪ್ರತಿ ವರ್ಷ ಅದು ಯಾತ್ರಿಕರನ್ನು ಹೊಂಬುಜಕ್ಕೂ ಶ್ರವಣಬೆಳಗೊಳಕ್ಕೂ ಘಟ್ಟವಿಳಿದು ಮೂಡುಬಿದಿರೆಗೂ ಕರೆದೊಯ್ದಿದೆ. ಈಗ ಅದರ ಬ್ರೇಕು ನಂಬುವಂತಿಲ್ಲ ಎಂದು ಮೇಸ್ತ್ರಿ ಎಚ್ಚರಿಸಿದ್ದಾನೆ. ದಾನಿಗಳ ಮನಸ್ಸು ನೊಂದೀತೆಂದು ಮಂಡಳಿಯು ಇನ್ನೊಂದು ವರ್ಷ ಮುಂದೂಡುತ್ತದೆ. ಇಲ್ಲಿ ಉಳಿಯುತ್ತಿರುವುದು ದಾನದ ಗೌರವವಲ್ಲ, ಹೆಸರಿನ ಮೇಲಿನ ಮೋಹ. ನಲವತ್ತು ಜನ ಯಾತ್ರಿಕರನ್ನು ಘಟ್ಟದ ತಿರುವಿನಲ್ಲಿ ಪಣಕ್ಕಿಟ್ಟು ಉಳಿಸುವ ಮಿತವ್ಯಯವು ಅಪರಿಗ್ರಹದ ಹೆಸರಿಗೆ ಯೋಗ್ಯವಲ್ಲ. ದಾನಿಯ ಪುಣ್ಯವು ಆ ಬಸ್ಸು ಕ್ಷೇಮವಾಗಿ ಕರೆದೊಯ್ದ ಯಾತ್ರಿಕರಲ್ಲಿದೆ, ತಗಡಿನಲ್ಲಿಲ್ಲ.

ಆ ಬಸ್ಸನ್ನು ಬಿಡುವ ಬಗೆಯಲ್ಲಿಯೂ ಧರ್ಮವುಂಟು. ಗತಿಯಿಲ್ಲದ ಒಬ್ಬನಿಗೆ ದೋಷ ಮುಚ್ಚಿಟ್ಟು ಮಾರಿದರೆ ಹಿಂಸೆಯು ಕೈ ಬದಲಿಸಿತೇ ಹೊರತು ನಿಲ್ಲಲಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವವನು ತೂಕ-ಅಳತೆಗಳಲ್ಲಿ ಮೋಸ ಮಾಡುವ, ಅಚೌರ್ಯವ್ರತಕ್ಕೆ ಅತಿಚಾರವೆಂದು ಹೇಳಿದ ದೋಷಕ್ಕೆ ಒಳಗಾಗುತ್ತಾನೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಉಕ್ಕು ಮತ್ತೆ ಕುಲುಮೆಗೆ ಹೋಗಿ, ಅಷ್ಟರ ಮಟ್ಟಿಗೆ ಗಣಿಯ ಅಗೆತ ತಪ್ಪುತ್ತದೆ. ಬಾಳಿಸುವುದೂ ಬಿಡುವುದೂ ಹೀಗೆ ಒಂದೇ ವ್ರತದ ಎರಡು ಮುಖಗಳಾಗುತ್ತವೆ. ಶರೀರವು ಧರ್ಮಸಾಧನೆಗೆ ನೆರವಾಗುವವರೆಗೆ ಅದನ್ನು ಕಾಪಾಡಬೇಕು, ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ ಮೋಹವಿಲ್ಲದೆ ಬಿಡಬೇಕು ಎಂದು ಕಲಿಸಿದ ಪರಂಪರೆಗೆ ಒಂದು ವಾಹನವನ್ನು ಬಿಡುವ ಹೊತ್ತನ್ನು ಅರಿಯುವುದು ಕಷ್ಟವಾಗಬಾರದು. ಹೋಲಿಕೆ ಅಸಮವಾದರೂ ಕಲಿಕೆ ಒಂದೇ.

ಗೋವಿನಕೋವಿಯ ಲಾರಿಯ ಸ್ಥಿತಿ ಮಾತ್ರ ಬೇರೆ. ಆ ಒಂದು ಲಾರಿಯೇ ಒಂದು ಮನೆಯ ಹೊಲ, ಗದ್ದೆ, ಬ್ಯಾಂಕು ಎಲ್ಲವೂ ಆಗಿದ್ದರೆ, ಅದನ್ನು ಗುಜರಿಗೆ ಹಾಕೆಂದು ಮೂರು ಕಾರಿನ ಯಜಮಾನನು ಉಪದೇಶಿಸುವುದು ಅನ್ಯಾಯ. ಮಾಲೀಕನು ಹೊಗೆಯನ್ನು ತಗ್ಗಿಸಲು, ಹೊರೆಯನ್ನು ಮಿತಿಯಲ್ಲಿಡಲು, ಚಾಲಕನಿಗೆ ನಿದ್ರೆ ಕೊಡಲು ಬದ್ಧ. ಇವು ಅವನ ಕೈಯಲ್ಲಿವೆ. ಹೊಸ ವಾಹನವು ಅವನ ಕೈಯಲ್ಲಿಲ್ಲ. ಅಲ್ಲಿ ಸಮಾಜದ ಹೊಣೆ ಆರಂಭವಾಗುತ್ತದೆ. ಬಸದಿಗಳ ನಿಧಿಗಳು, ಸಮಾಜದ ಸಹಕಾರ ಸಂಘಗಳು ಮದುವೆಗೂ ವಿದ್ಯೆಗೂ ನೆರವಾಗುವಂತೆ, ಹಳೆಯ ಲಾರಿಯನ್ನು ಬಿಟ್ಟು ಶುದ್ಧವಾದ ವಾಹನ ಕೊಳ್ಳಬಯಸುವ ದುಡಿಮೆಗಾರನಿಗೂ ಕಡಮೆ ಬಡ್ಡಿಯ ಸಾಲ ಕೊಡಬಹುದು. ಅವನು ಯಾವ ಮತದವನಾದರೂ ಸರಿ, ಅವನ ಲಾರಿಯ ಹೊಗೆ ಎಲ್ಲ ಮತದವರ ಮಕ್ಕಳ ಎದೆಗೂ ಇಳಿಯುತ್ತದೆ. ಅಹಿಂಸೆಯು ಇತರರಿಗೆ ಹೇಳುವ ಬುದ್ಧಿಯಾಗಿ ಉಳಿಯದೆ ಹಂಚಿಕೊಂಡ ವೆಚ್ಚವಾದಾಗ ಮಾತ್ರ ಅದಕ್ಕೆ ಬೆಲೆ.

ಗೋವಿನಕೋವಿಯ ಕಡೆಯ ಲಾರಿಗಳು ಹರಿಹರದ ಬಳಿ ಹೆದ್ದಾರಿಗೆ ಕೂಡಿ ಉತ್ತರಕ್ಕೆ ಸಾಗಿದರೆ ಹುಬ್ಬಳ್ಳಿಗೆ ಮೊದಲು ವರೂರು ಸಿಗುತ್ತದೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿ.ಆರ್.ಎಲ್. ಸಂಸ್ಥೆಯ ನೆಲೆ ಇರುವುದು ಅಲ್ಲಿಯೇ. ಅದೇ ಊರಿನ ನವಗ್ರಹ ತೀರ್ಥದಲ್ಲಿ 61 ಅಡಿ ಎತ್ತರದ ಭಗವಾನ್ ಪಾರ್ಶ್ವನಾಥರ ಮೂರ್ತಿ ಕಾಯೋತ್ಸರ್ಗದಲ್ಲಿ ನಿಂತಿದೆ. ಹೆದ್ದಾರಿಯಲ್ಲಿ ಎಡೆಬಿಡದ ಓಟ, ಪಕ್ಕದಲ್ಲಿ ಅಲುಗದ ನಿಲುವು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿ, 1968ರಲ್ಲಿ ಮುನಿದೀಕ್ಷೆ ಪಡೆದು, 2024ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು ಐವತ್ತೈದು ವರ್ಷಗಳ ಕಾಲ ಬರಿಗಾಲಿನಲ್ಲಿಯೇ ಸಂಚರಿಸಿದರು. ಆ ಪಾದಗಳು ಕ್ರಮಿಸಿದ ದೂರವನ್ನು ಯಾರೂ ಎಣಿಸಲಿಲ್ಲ. ಎಣಿಸಬೇಕೆಂದು ಅವರಿಗೆ ತೋರಲೂ ಇಲ್ಲ.

ಗೃಹಸ್ಥನು ಬರಿಗಾಲಿನಲ್ಲಿ ದಾವಣಗೆರೆಗೆ ಜೋಳ ಒಯ್ಯಲಾರ. ಅವನಿಗೆ ವಾಹನ ಬೇಕು, ಅದು ಬಹುಕಾಲ ಬಾಳುವುದು ಒಳ್ಳೆಯದೇ. ಆದರೆ ಕಟ್ಟೆಯ ಹಿರಿಯರು ಇನ್ನೊಮ್ಮೆ ಆ ಹಳೆಯ ಲಾರಿಯನ್ನು ಹೊಗಳುವಾಗ ಎಷ್ಟು ಓಡಿದೆ ಎಂಬುದರ ಜೊತೆಗೆ, ಏತಕ್ಕೆ ಓಡಿತು, ಎಷ್ಟು ಹೊತ್ತಿತು, ಚಾಲಕನು ನಿನ್ನೆ ರಾತ್ರಿ ಮಲಗಿದ್ದನೇ ಎಂಬುದನ್ನೂ ಕೇಳಬಹುದು.